ಜಟಕಾ ಎಳೆದ ವಯಸ್ಸಾದ ಕುದುರೆಯನ್ನು ಸವಾರಿಗೆ ಒಗ್ಗಿಸಬಹುದೇ?

ಮೈಸೂರಿನಲ್ಲಿ ಜಟಕಾ ಎಳೆಯುತ್ತಿದ್ದ ಹೆಣ್ಣು ಕುದುರೆಯೊಂದನ್ನು ಬಿಡಿಸಿ ತೋಟಕ್ಕೆ ತಂದಿದ್ದೀರಿ, ವಯಸ್ಸು 15 ದಾಟಿದೆ ಅಂತಾರೆ, ಇನ್ನು ಅದರ ಮೇಲೆ ನೀವೂ (78 ಕೆ.ಜಿ.) 11 ವರ್ಷದ ಮಗಳೂ (32 ಕೆ.ಜಿ.) ಸವಾರಿ ಮಾಡಬಹುದಾ ಎಂದು ಕೇಳಿದ್ದೀರಿ. ಬೆನ್ನು ಗಟ್ಟಿಯಿದ್ದರೆ ಮಗಳು ಮಾಡಬಹುದು. ನೀವು ಮಾತ್ರ ದಯವಿಟ್ಟು ಹತ್ತಬೇಡಿ.

ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ. ಟೇಪು ಹಿಡಿದು ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ, ಆಮೇಲೆ ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ. ಎರಡೂ ಸೆಂಟಿಮೀಟರಿನಲ್ಲಿರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ತೂಕ ಹೆಚ್ಚುಕಡಿಮೆ ಸಿಗುತ್ತದೆ. ಸುತ್ತಳತೆ 152, ಉದ್ದ 138 ಬಂತು ಅನ್ನಿ, 268 ಕೆ.ಜಿ. ಆಯಿತು. ನಮ್ಮ ಕಡೆಯ ಜಟಕಾ ಕುದುರೆಗಳು ಬಹುತೇಕ ಇಂಥ ಸಣ್ಣ ಮೈಯವೇ. ಆರೋಗ್ಯವಾದ ಕುದುರೆಗೂ ಜೀನು ಸೇರಿ ತನ್ನ ತೂಕದ ಶೇ. 20ರ ಮೇಲೆ ಹೊರಿಸಬಾರದು ಎಂಬುದು ಸಾಮಾನ್ಯ ಮಿತಿ, ಅಂದರೆ 54 ಕೆ.ಜಿ. ಟಾರು ರಸ್ತೆಯಲ್ಲಿ ವರ್ಷಗಟ್ಟಲೆ ಸವೆದ ಕಾಲುಗಳಿಗೆ ನಾನು ಶೇ. 15ಕ್ಕೇ ನಿಲ್ಲಿಸುತ್ತೇನೆ, 40 ಕೆ.ಜಿ. ನಿಮ್ಮ ಮಗಳು ಹಗುರವಾದ ಜೀನಿನ ಜೊತೆ ಅಷ್ಟರೊಳಗೆ ಬರುತ್ತಾಳೆ. ಅವಳು ಬೆಳೆಯುತ್ತಾಳೆ, ಕುದುರೆ ಬೆಳೆಯುವುದಿಲ್ಲ. ಹಾಗಾಗಿ ಈ ಸವಾರಿ ಒಂದೆರಡು ವರ್ಷದ್ದು ಎಂದು ಈಗಲೇ ಅವಳಿಗೆ ಹೇಳಿಡಿ.

ಮಾರಿದವರು ಹೇಳಿದ ವಯಸ್ಸನ್ನು ನಂಬಿ ಕೂರಬೇಡಿ. ಮೇಲಿನ ಮುಂಬಲ್ಲುಗಳ ಸಾಲಿನಲ್ಲಿ ಅಂಚಿನ ಹಲ್ಲನ್ನು ನೋಡಿ. ಅದರ ಹೊರಮೈಯಲ್ಲಿ ಉದ್ದಕ್ಕೆ ಒಂದು ಕಂದು ಗೀರು ಸುಮಾರು 10 ವರ್ಷಕ್ಕೆ ವಸಡಿನ ಹತ್ತಿರ ಕಾಣಿಸಿಕೊಳ್ಳುತ್ತದೆ, 15ಕ್ಕೆ ಅರ್ಧ ಹಲ್ಲಿಗೆ ಇಳಿಯುತ್ತದೆ, 20ಕ್ಕೆ ತುದಿ ಮುಟ್ಟುತ್ತದೆ. ಕರಾರುವಾಕ್ಕಾಗಿ ಇರುವುದಿಲ್ಲ, ಅಂದಾಜಿಗೆ ಸಾಕು.

ಪಶುವೈದ್ಯರನ್ನು ಕರೆಸದೆ ಮುಂದೆ ಹೋಗಬೇಡಿ. ಗ್ಲಾಂಡರ್ಸ್ ಕಾಯಿಲೆಗೆ ರಕ್ತಪರೀಕ್ಷೆ ಆಗಲೇಬೇಕು, ಅದು ಮನುಷ್ಯರಿಗೂ ಅಂಟುತ್ತದೆ. ಧನುರ್ವಾಯುವಿನ ಲಸಿಕೆ, ಜಂತುಹುಳುವಿನ ಔಷಧಿ, ಬೆನ್ನು ಮತ್ತು ಕಾಲಿನ ತಪಾಸಣೆ ಅದೇ ಹೊತ್ತಿಗೆ ಆಗಲಿ. ಬಡಕಲಾಗಿದ್ದರೆ ಕನಿಕರದಿಂದ ಒಂದೇ ಸಲ ಹುರುಳಿ, ಬೂಸಾ ಸುರಿಯಬೇಡಿ, ಹೊಟ್ಟೆಶೂಲೆ ಬಂದು ಪ್ರಾಣಕ್ಕೇ ಸಂಚಕಾರವಾದೀತು. ಮೊದಲು ಹುಲ್ಲು, ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು), ಸ್ವಲ್ಪ ಸ್ವಲ್ಪವೇ, ದಿನಕ್ಕೆ ಹಲವು ಸಲ.

ಆಮೇಲೆ ಬಾಯಿ. ನನಗೆ ಅತಿ ಸಂಕಟ ಕೊಡುವ ಭಾಗ ಇದು. ಗಾಡಿ ಕುದುರೆಗಳಿಗೆ ಮುಳ್ಳಿನ ಕಡಿವಾಣ ಹಾಕುವುದು ಇನ್ನೂ ನಿಂತಿಲ್ಲ. ಎಳೆಯುವ, ಹೊರೆ ಹೊರುವ ಪ್ರಾಣಿಗಳ ಬಗೆಗಿನ 1965ರ ಕೇಂದ್ರ ನಿಯಮಗಳಲ್ಲೇ ಅದಕ್ಕೆ ನಿಷೇಧವಿದೆ. ನಿಮ್ಮ ಕುದುರೆಯ ತುಟಿಯ ಮೂಲೆಗಳಲ್ಲಿ, ನಾಲಿಗೆಯ ಮೇಲೆ, ಹಲ್ಲಿಲ್ಲದ ಖಾಲಿ ವಸಡಿನಲ್ಲಿ ಹಳೆಯ ಗಾಯದ ಗಂಟು ಇದೆಯಾ ನೋಡಿಸಿ. ದವಡೆ ಹಲ್ಲುಗಳ ಅಂಚು ಚೂಪಾಗಿದ್ದರೆ ಅರ ಹಾಕಿಸಿ. ಗಾಯ ಸಿಕ್ಕರೆ ಬಾಯಿಗೆ ಕಬ್ಬಿಣ ಮತ್ತೆ ಇಡಲೇಬೇಡಿ. ಮೂಗಿನ ಮೇಲೆ ಕೂರುವ ಅಗಲ ಪಟ್ಟಿಗೆ ಎರಡೂ ಪಕ್ಕ ಲಗಾಮು ಕಟ್ಟಿದರೆ ಇಂಥ ಸವಾರಿಗೆ ಧಾರಾಳವಾಗಿ ಸಾಕು.

ಇನ್ನು ಪಳಗಿಸುವ ವಿಷಯ. ಹೊಸದಾಗಿ ಏನೋ ಕಲಿಸುತ್ತಿದ್ದೇವೆ ಎಂದುಕೊಂಡು ಬಹಳ ಜನ ಎಡವುವುದು ಇಲ್ಲೇ. ಗಾಡಿ ಕುದುರೆಗೆ ಎಷ್ಟೊಂದು ಗೊತ್ತಿರುತ್ತದೆ! ಬಸ್ಸಿನ ಹಾರನ್ನು, ಡೊಳ್ಳು, ಪಟಾಕಿ, ಜನಜಂಗುಳಿ ಯಾವುದಕ್ಕೂ ಬೆಚ್ಚುವುದಿಲ್ಲ. ಹೊರಡು, ನಿಲ್ಲು, ಮೆಲ್ಲಗೆ ಎಲ್ಲವೂ ಅದಕ್ಕೆ ಮಾತಿನಲ್ಲೇ ತಿಳಿಯುತ್ತದೆ. ಆದರೆ ಆ ಮಾತು ಯಾವಾಗಲೂ ಹಿಂದಿನಿಂದ ಬರುತ್ತಿತ್ತು. ಬೆನ್ನ ಮೇಲೆ ಯಾರೂ ಕೂತಿರಲಿಲ್ಲ, ಪಕ್ಕೆಗೆ ಯಾರ ಕಾಲೂ ತಾಗಿರಲಿಲ್ಲ. ನೀವು ಮಾಡಬೇಕಾದದ್ದು ಆ ದನಿಯನ್ನು ಗಾಡಿಯ ಜಾಗದಿಂದ ಬೆನ್ನಿನ ಮೇಲಕ್ಕೆ ನಿಧಾನವಾಗಿ ತರುವುದು.

ಸಾಧ್ಯವಾದರೆ ಹಳೆಯ ಜಟಕಾದವರನ್ನೇ ಹುಡುಕಿ, ಯಾವ ಹೆಸರು ಹಿಡಿದು ಕರೆಯುತ್ತಿದ್ದರು, ಯಾವ ಸದ್ದಿಗೆ ಹೊರಡುತ್ತಿತ್ತು ಎಂದು ಕೇಳಿ ಕಲಿತುಕೊಳ್ಳಿ. ಅವೇ ಸದ್ದುಗಳನ್ನು ಉಳಿಸಿಕೊಳ್ಳಿ. ಎರಡು ಉದ್ದದ ಹಗ್ಗ ಕಟ್ಟಿ, ಗಾಡಿಯಿಲ್ಲದೆ, ಹಿಂದೆ ನಡೆಯುತ್ತಾ ತೋಟದಲ್ಲಿ ಓಡಾಡಿಸಿ. ಕಾಲಿಗೆ ಸಿಗದಷ್ಟು ದೂರ ಇರಲಿ. ಕಣ್ಣುಪಟ್ಟಿ ತೆಗೆದಿರುತ್ತೀರಲ್ಲ, ಹಿಂದೆ ಅಲುಗುವುದೆಲ್ಲ ಅದಕ್ಕೆ ಈಗ ಹೊಸದಾಗಿ ಕಾಣುತ್ತದೆ. ಅದು ಅಭ್ಯಾಸವಾಗುವವರೆಗೆ ಇನ್ನೇನೂ ಬೇಡ. ಆಮೇಲೆ ದಿನಕ್ಕಿಷ್ಟು ಅಂತ ಹಿಂದಿನಿಂದ ಸೊಂಟದ ಪಕ್ಕಕ್ಕೆ, ಅಲ್ಲಿಂದ ಭುಜದ ಪಕ್ಕಕ್ಕೆ ಬನ್ನಿ. ಮಾತು ಅದೇ, ಹಗ್ಗ ಅದೇ, ನೀವು ನಿಲ್ಲುವ ಜಾಗ ಮಾತ್ರ ಬದಲು.

ತಿರುಗುವುದಕ್ಕೆ ತಾಳ್ಮೆ ಬೇಕು. ಗಾಡಿಯಿಂದ ಮುಂದಕ್ಕೆ ಚಾಚಿದ ಎರಡು ಮೂಕಿಮರಗಳ ನಡುವೆ ಇದ್ದ ಮೈಗೆ ಬಾಗುವ ಅವಕಾಶವೇ ಇರಲಿಲ್ಲ, ಮರದ ಹಲಗೆಯ ಹಾಗೆ ಇಡೀ ಮೈ ಒಟ್ಟಿಗೆ ಹೊರಳುತ್ತದೆ. ದೊಡ್ಡ ದೊಡ್ಡ ಸುತ್ತು ಹಾಕಿಸಿ, ಮರಗಳ ನಡುವೆ ಹಾವಿನ ನಡೆ ನಡೆಸಿ. ಎದೆಪಟ್ಟಿಗೆ ಒತ್ತಡ ಬಿದ್ದಾಗ ಅದಕ್ಕೆ ಗೊತ್ತಿರುವುದು ಮುಂದಕ್ಕೆ ನುಗ್ಗುವುದು. ಹಾಗಾಗಿ ಹಗ್ಗ ಜಗ್ಗಿ ಹಿಡಿದರೆ ಇನ್ನಷ್ಟು ಜಗ್ಗುತ್ತದೆ. ಹಿಡಿಯಿರಿ, ಸ್ವಲ್ಪ ಮಣಿದ ಕ್ಷಣವೇ ಬಿಡಿ.

ಜೀನು ಹಾಕುವಾಗ ಹೊಟ್ಟೆಪಟ್ಟಿಯನ್ನು ಒಂದೊಂದೇ ತೂತು ಬಿಗಿಮಾಡಿ, ಮಧ್ಯೆ ನಾಲ್ಕು ಹೆಜ್ಜೆ ನಡೆಸಿ. ಭುಜದ ದಿಬ್ಬದ ಮೇಲೆ ಬಿಳಿ ಕೂದಲಿನ ಮಚ್ಚೆಗಳಿದ್ದರೆ ಅಲ್ಲಿ ಹಿಂದೆ ಹುಣ್ಣಾಗಿತ್ತು ಎಂದು ಅರ್ಥ, ಜೀನು ಆ ಜಾಗಕ್ಕೆ ತಾಗಲೇಬಾರದು.

ಕಾಲಿನ ಸನ್ನೆ ಕಲಿಸುವಾಗ ಕ್ರಮ ತಪ್ಪಬೇಡಿ. ಹೊಸ ಸನ್ನೆ ಮೊದಲು, ಗೊತ್ತಿರುವ ಮಾತು ಆಮೇಲೆ. ಪಕ್ಕೆಗೆ ಮೆಲ್ಲನೆ ಕಾಲು ತಾಗಿಸಿ, ತಕ್ಷಣ ಹೊರಡುವ ಸದ್ದು ಮಾಡಿ. ಕೆಲವು ದಿನಗಳಲ್ಲಿ ಕಾಲು ತಾಗಿದರೆ ಸಾಕು, ಮಾತಿಗೆ ಕಾಯದೆ ಹೆಜ್ಜೆ ಇಡುತ್ತದೆ. ತಿರುಗುಮುರುಗು ಮಾಡಿದರೆ ಮಾತಿಗಷ್ಟೇ ಹೊರಡುತ್ತದೆ, ಕಾಲನ್ನು ಲೆಕ್ಕಕ್ಕೇ ಇಡುವುದಿಲ್ಲ.

ಮೊದಲ ಸಲ ಹತ್ತುವವರು ಮಗಳಾಗಬಾರದು. ಜೀನು ಸೇರಿ ಆ 40 ಕೆ.ಜಿ. ದಾಟದ, ಕೈ ಪಳಗಿದ ಸವಾರರೊಬ್ಬರನ್ನು ಹುಡುಕಿ. ಇಲ್ಲಿ ಓಟ ಬೇಡ, ಬರೀ ನಡಿಗೆ ಎಂದು ಮೊದಲೇ ಕರಾರು ಮಾಡಿಕೊಳ್ಳಿ. ರಿಕಾಪಿಗೆ (ಜೀನಿನಿಂದ ಇಳಿಬಿಟ್ಟ, ಕಾಲಿಡುವ ಕೊಂಡಿಗೆ) ಜೋತು ಹತ್ತಬಾರದು, ಬೆನ್ನು ತಿರುಚುತ್ತದೆ. ಕಟ್ಟೆಯ ಪಕ್ಕ ನಿಲ್ಲಿಸಿ ಹತ್ತಲಿ. ಅದಕ್ಕೆ ಪರಿಚಯವಿರುವ ನೀವು ತಲೆಯ ಬಳಿ ಹಗ್ಗ ಹಿಡಿದು ಮಾತಾಡುತ್ತಿರಿ. ಐದು ನಿಮಿಷ ಆದ ಮೇಲೆ ಇಳಿಸಿ. ಬೆನ್ನಿನ ಸ್ನಾಯು ಕಟ್ಟಲು ತಿಂಗಳುಗಳು ಬೇಕು, ಅಷ್ಟು ದಿನ ಮೆತ್ತನೆ ನೆಲದಲ್ಲಿ ನಡಿಗೆ, ಸಣ್ಣ ಏರು, ಅಷ್ಟೇ ಇರಲಿ. ನಾಗಾಲೋಟದ ಆಸೆ ಬಿಟ್ಟುಬಿಡಿ. ಗಾಡಿಯಲ್ಲಿ ಅದನ್ನು ತಡೆದೇ ಇಟ್ಟಿರುತ್ತಾರೆ, ಈ ವಯಸ್ಸಿನಲ್ಲಿ ಅದರ ಅಗತ್ಯವೂ ಇಲ್ಲ.

ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಹಾಕಿ ಕಚ್ಚಲು ಬಂದರೆ, ಬೆರಳಿಂದ ಒತ್ತಿದಾಗ ಬೆನ್ನು ತಗ್ಗಿಸಿದರೆ, ಕೂತವರು ಇಳಿದ ಮೇಲೆ ಮುಗ್ಗರಿಸಿದರೆ, ಅದು ಹಟ ಅಲ್ಲ, ನೋವು. ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಅವರು ಸವಾರಿ ಬೇಡ ಎಂದರೆ ಮಗಳು ಉದ್ದದ ಹಗ್ಗ ಹಿಡಿದು ನಡೆಸಲಿ, ಮೈ ಉಜ್ಜಲಿ, ಗೊರಸು ಸ್ವಚ್ಛ ಮಾಡಲಿ. ಕುದುರೆಯನ್ನು ಅರಿಯಲು ಹತ್ತಲೇಬೇಕೆಂದಿಲ್ಲ.

ಹಲ್ಲು, ಭುಜದ ದಿಬ್ಬ, ಪಕ್ಕದಿಂದ ಇಡೀ ಮೈ ಕಾಣುವ ಹಾಗೆ ಮೂರು ಫೋಟೋ, ಜೊತೆಗೆ ಟೇಪಿನ ಅಳತೆ ಹಾಕಿ. ಜೀನು ಯಾವ ಅಳತೆಯದು ನೋಡಬೇಕು ಎಂದು ಹೇಳುತ್ತೇನೆ. ಅಲ್ಲಿಯವರೆಗೆ ಜೀನು ಕೊಳ್ಳಬೇಡಿ.