ಚಿರತಿಗೆ ಅಂಜೂ ಹುಡುಗ ಬಣವ್ಯಾಗ ಕೈ ಹಾಕ್ತಾನ ಅಂದಿದ್ದಕ್ಕ

ಅಕ್ಕಾರ, ನಿಮ್ಮ ಪ್ರಶ್ನೆ ಓದಿದೆ. ಹೊಲದಾಗಿನ ಮನಿಗೆ ಬಂದ ಮ್ಯಾಲೆ ಎರಡನೇತ್ತೆ ಓದೂ ಮಗ ಚಿರತಿ ಬರತೈತಿ ಅಂತ ಸಂಜಿಮುಂದ ಅಂಗಳಕ್ಕ ಸೈತ ಇಳಿಯಂಗಿಲ್ಲ, ಅದ ಹುಡುಗ ಹಗಲೊತ್ತಿನ್ಯಾಗ ಬರಿಗಾಲಿಲೆ ಹೋಗಿ ಕಣಕಿ ಬಣವ್ಯಾಗ ಕೈ ಹಾಕಿ ಬಾಲ್ ಹುಡುಕ್ತಾನ, ಹೆಂಗ ತಿಳಿಸಿ ಹೇಳೂದು ಅಂತ ಕೇಳೀರಿ. ಒಬ್ರು ಹಾವು ಕಡದವ್ರ ವಿಡಿಯೋ ತೋರಸ್ರಿ, ತಾನ ಅಂಜತಾನ ಅಂತ ಹಾಕ್ಯಾರ. ದಯವಿಟ್ಟು ಅದೊಂದು ಮಾಡಬ್ಯಾಡ್ರಿ, ಯಾಕಂತ ಮುಂದ ಹೇಳ್ತೇನಿ.

ನಾ ಗದಗ ಕಡೆ ಹಳ್ಳಿ ಸಾಲ್ಯಾಗ ನಲಿಕಲಿ ಮಕ್ಕಳಿಗೆ ಕಲಸಾಕಿ. ಪ್ರಾಣಿ ಚಿತ್ರ ಕೊಟ್ಟು ಭಾಳ ಡೇಂಜರ್ ಯಾವ್ದೋ ಅದನ್ನ ಮೊದಲ ಇಡ್ರಿ ಅಂದ್ರ ಪ್ರತಿ ವರ್ಷ ಹುಲಿ, ಸಿಂಹ, ಮೊಸಳಿನ ಮುಂದ ಬರ್ತಾವು. ಹುಲಿನ ಅವು ನೋಡಿದ್ದು ಬಿಂಕದಕಟ್ಟಿ ಝೂದಾಗ, ಜಾಳಗಿ ಆಚೆ. ದಿನಾ ಸಾಲಿ ಹಾದ್ಯಾಗ ಸಿಗೂ ನಾಯಿ ಚಿತ್ರ ಕಟ್ಟಕಡೀಕ, "ಅದು ನಮ್ಮ ಓಣೀದ ರೀ ಟೀಚರ್". ದೊಡ್ಡದಿರಬೇಕು, ಹಲ್ಲು ಕಾಣಬೇಕು, ಒದರಬೇಕು, ಅಂದ್ರ ಡೇಂಜರ್. ಹಂಗಾಗಿ ಮಾರುದ್ದ ಕೇರಿಹಾವು ಕಂಡ್ರ ಚೀರತಾವು, ವಿಷಾನ ಇಲ್ಲ ಅದಕ್ಕ; ಭಾಳ ವಿಷದ ಮೊಳದುದ್ದ ಗರಗಸ ಮಂಡಲ ಹಾವು ಕಂಡ್ರ ಮರಿ ಐತಿ ಅಂತ ಕಡ್ಡಿಲೆ ತಿವಿತಾವು. ಚೇಳಿಂದೂ ಅಷ್ಟ, ದೊಡ್ಡ ಕರಿ ಚೇಳಿಗಿಂತ ಸಣ್ಣ ಕೆಂಪಂದು ಅಪಾಯ, ಅದರ ವಿಷ ಮಕ್ಕಳ ಹೃದಯಕ್ಕ ಹೊಡಿತೈತಿ.

ಮತ್ತ ಈ ವಯಸ್ಸಿನ್ಯಾಗ ಪ್ರಾಣಿ ಸಿಟ್ಟಿಗೆದ್ದ ಕಡಿತೈತಿ ಅಂತ ತಿಳದಿರ್ತಾವು, "ನಾ ಏನೂ ಮಾಡಿಲ್ಲಲ್ಲ ನನಗ್ಯಾಕ ಕಡಿತೈತಿ" ಅಂತಾವು. ಪಂಚಮಿಗೆ ಹಾಲೆರದೇವಿ, ನಾಗಪ್ಪ ನಮ್ಮ ಮನಿಯವ್ರಿಗೆ ಏನೂ ಮಾಡಂಗಿಲ್ಲ ಅಂತ ಒಬ್ಬಾಕಿ ಗಟ್ಟಿಯಾಗಿ ವಾದಾ ಹಾಕಿದ್ಲು, ನಾ ಏನ್ ಹೇಳ್ಲಿ!

ಅದಕ್ಕ ಹುಡುಗಗ ಯಾವ ಪ್ರಾಣಿ ಕೆಟ್ಟದ್ದು ಅನ್ನೂದು ಬಿಟ್ಟು ಯಾವ ಜಾಗಾ ಅನ್ನೂದು ಕಲಸ್ರಿ. ಕಣ್ಣಿಗೆ ಕಾಣದಲ್ಲಿ ಕೈ ಹಾಕಂಗಿಲ್ಲ ಕಾಲ ಇಡಂಗಿಲ್ಲ, ಇಷ್ಟ ರೂಲ್. ಒಂದು ಸಂಡೇ ಅವನ್ನ ಕರಕೊಂಡು ಮನಿ ಸುತ್ತ ಅಡ್ಯಾಡಿ "ನೀ ಹಾವಾಗಿದ್ರ ಬಿಸಲಾಗ ಎಲ್ಲಿ ಮಲಗತಿದ್ದಿ" ಅಂತ ಕೇಳ್ರಿ, ಬಣವಿ, ಕುಳ್ಳಿನ ಒಟ್ಟಿಲು, ಕಲ್ಲಿನ ಸಂದಿ ಎಲ್ಲಾ ತಾನ ತೋರಸ್ತಾನ, ಈ ಆಟ ನನ್ನ ಕ್ಲಾಸಿನ್ಯಾಗ ಭಾಳ ನಡಿತೈತಿ. ಬಾಲ್ ಅಲ್ಲಿ ಹೋತಂದ್ರ ದೊಡ್ಡವ್ರನ್ನ ಕರಿಬೇಕು. ಬೂಟು ಝಾಡಿಸಿ ಹಾಕೂದು, ರಾತ್ರಿ ಬ್ಯಾಟರಿ ಹಿಡಿಯೂದು ನೀವು ಮಾಡಿದ್ರ ಅವನೂ ಮಾಡ್ತಾನ. ನೆಲದ ಮ್ಯಾಲೆ ಮಲಗಸಬ್ಯಾಡ್ರಿ, ಹೊರಸು ಹಾಕಿ ಸೊಳ್ಳಿಪರದಿ ಗಾದಿ ಕೆಳಗ ಸಿಗಸ್ರಿ. ಭಾಳ ವಿಷದ ಕಟ್ಟುಹಾವು ರಾತ್ರಿನ ಬರೂದು, ನೆಲದ ಮ್ಯಾಲೆ ಮಲಗಿದವ್ರಿಗೆ ಕಡಿತೈತಿ, ಕಡದಲ್ಲಿ ನೋವು ಬಾವು ಏನೂ ಇರಂಗಿಲ್ಲ, ನಸಿಕಿನ್ಯಾಗ ಹುಡುಗ ಹೊಟ್ಟಿ ನೋವು ಅಂತೈತಿ, ರೆಪ್ಪಿ ಜೋತು ಬೀಳ್ತಾವು, ಮನಿಯವ್ರು ಗ್ಯಾಸ್ ಅಂತ ಓಂಕಾಳು ಕೊಟ್ಕೋತ ಕುಂದರ್ತಾರ.

ಈಗ ವಿಡಿಯೋ ಮಾತು. ಭಾಳ ಅಂಜಿಸಿದ ಹುಡುಗ ಹುಷಾರ್ ಆಗಂಗಿಲ್ರಿ, ಮುಚ್ಚಿಡ್ತೈತಿ. ನಾಯಿ ಗೀರಿದ್ದನ್ನ ಬೈತಾರ, ಇಂಜೆಕ್ಷನ್ ಮಾಡಸ್ತಾರ ಅಂತ ಚಡ್ಡಿ ಕೆಳಗ ಎಳಕೊಂಡು ಕುಂತ ಹುಡುಗ್ರನ್ನ ನೋಡೇನಿ. ರೇಬೀಸ್ ಬಂತಂದ್ರ ಉಳಿಯೂದಿಲ್ಲ ಅನ್ನೂದು ನಿಮಗ ಗೊತ್ತೈತಿ, ಅವಂಗ ಗೊತ್ತಿಲ್ಲ. ಏನ ಕಡದ್ರೂ ಚುಚ್ಚಿದ್ರೂ ಹೇಳು, ಬೈಯಂಗಿಲ್ಲ ಅಂತ ಮಾತು ಕೊಡ್ರಿ, ಕೊಟ್ಟ ಮ್ಯಾಲೆ ನಿಜವಾಗ್ಲೂ ಬೈಯಬ್ಯಾಡ್ರಿ. ನಾಯಿ ಕಡದ್ರ ಹರಿಯೂ ನೀರಾಗ ಸಾಬಾನು ಹಚ್ಚಿ 15 ನಿಮಿಷ ತೊಳದು ಅವತ್ತ ಲಸಿಕಿ ಶುರು ಮಾಡಸ್ರಿ, ಖಾರದಪುಡಿ ಸುಣ್ಣ ಹಚ್ಚಬ್ಯಾಡ್ರಿ. ಹಾವಾದ್ರ ಹಗ್ಗ ಕಟ್ಟೂದು ಕೊಯ್ಯೂದು ಇಲ್ಲ, ನಡಸದ ಎತ್ಕೊಂಡು ಸೀದಾ ದೊಡ್ಡ ಆಸ್ಪತ್ರಿಗೆ. ಸಣ್ಣ ಹುಡುಗಗ ಇಷ್ಟ್ಯಾಕ ಔಷಧ ಅಂತ ಅಲ್ಲಿ ಜಗಳಾ ತಗೀಬ್ಯಾಡ್ರಿ, ಹಾವು ಬಿಡೂ ವಿಷ ದೊಡ್ಡವ್ರಿಗೆ ಸಣ್ಣವ್ರಿಗೆ ಅಷ್ಟ ಇರತೈತಿ, ಅದಕ್ಕ ಡೋಸೂ ಅಷ್ಟ.

ಚಿರತಿ ಇಲ್ಲವ ಇಲ್ಲ ಅಂತ ಸುಳ್ಳ ಹೇಳಬ್ಯಾಡ್ರಿ, 2021ರಾಗ ಹುಬ್ಬಳ್ಳಿ ನೃಪತುಂಗ ಬೆಟ್ಟದ ಕಡೆನ ಕಾಣಿಸಿಕೊಂಡಿತ್ತಲ್ಲ, ಆಗ ಸಾಲಿಗೆ ರಜಾನೂ ಕೊಟ್ಟಿದ್ರು. ಸಂಜಿಮುಂದ ಒಬ್ಬಾಂವ ಹೋಗಬ್ಯಾಡ, ನನ್ನ ಜೋಡಿ ಬಾ ಅನ್ರಿ, ಸಾಕು. ಮನ್ಯಾಗ ಯಾರರ "ಉಣ್ಣದಿದ್ರ ಚಿರತಿ ಬರತೈತಿ" ಅಂತ ಅಂಜಸ್ತಾರೇನು ನೋಡ್ರಿ, ಅಜ್ಜಿದೇ ಇರಬೇಕು ಈ ಕೆಲಸ. ಬಣವಿ ಮನಿ ಗ್ವಾಡಿಗೆ ಹತ್ತಿನ ಇದ್ರ ಮುಂದಿನ ಸುಗ್ಗಿಗೆ ದೂರ ಒಟ್ಟಸ್ರಿ.