ಸಜ್ಜಾದ ಕೆಳಗೆ ಹೆಜ್ಜೇನು ಕಟ್ಟಿದೆ, ಯಾವ ಔಷಧಿ ಹೊಡೆಯಬೇಕು?

ಚಿಕ್ಕಬಳ್ಳಾಪುರದ ನಿಮ್ಮ ಮನೆಯ ಮೊದಲ ಮಹಡಿಯ ಸಜ್ಜಾಕ್ಕೆ ಹೆಜ್ಜೇನು ಕಟ್ಟಿದೆ, ಮನೆಯಲ್ಲಿ ಮಕ್ಕಳಿದ್ದಾರೆ, ಯಾವ ಔಷಧಿ ಹೊಡೆದರೆ ಹೋಗುತ್ತದೆ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ಇದೇ ಮಾತನ್ನು ನಾನು ಊರಿನ ನಾಲ್ಕಾರು ಜನರಲ್ಲಿ ಕೇಳಿದ್ದೆ. ಪ್ರತಿಯೊಬ್ಬರೂ ಒಂದೊಂದು ಉಪಾಯ ಹೇಳಿದರೇ ಹೊರತು ಅದರ ಪಾಡಿಗೆ ಅದನ್ನು ಬಿಡು ಎಂದವರು ನನ್ನ ತಾಯಿಯೊಬ್ಬರೇ.

ನಮ್ಮದು ಮಧುಗಿರಿ ತಾಲ್ಲೂಕು. ಜೇನಿನಿಂದಲೇ ಹೆಸರು ಪಡೆದ ಬೆಟ್ಟದ ನೆರಳಿನಲ್ಲಿರುವವರಿಗೆ ಹೆಜ್ಜೇನು ಹೊಸದೇನಲ್ಲ. ಆದರೆ ಅದು ಬಂಡೆಯ ಮೇಲಿರುವುದು ಬೇರೆ, ಅಡುಗೆಮನೆಯ ಕಿಟಕಿಯಿಂದ ಮೂರು ಅಡಿ ಮೇಲಿರುವುದು ಬೇರೆ. ಹೊಂಗೆ ಹೂ ಬಿಡುವ ಕಾಲಕ್ಕೆ ಅಂಗೈಯಗಲ ಇದ್ದ ಎರಿ ನೋಡುನೋಡುತ್ತಲೇ ಮೊರದಗಲ ಆಯಿತು. ಹುಳಗಳು ಒಂದರ ಮೇಲೊಂದು ಪರದೆಯಂತೆ ಕೂತು ಎರಿಯನ್ನು ಪೂರಾ ಮುಚ್ಚಿದ್ದವು. ಕಣಜವೊಂದು ಹತ್ತಿರ ಸುಳಿದರೆ ಸಾಕು, ಅವೆಲ್ಲ ಸಾಲಾಗಿ ಹೊಟ್ಟೆಯನ್ನು ಎತ್ತಿ ಇಳಿಸುತ್ತಿದ್ದುದರಿಂದ ಕೆರೆಯ ನೀರಿನ ಮೇಲೆ ಗಾಳಿ ಹಾದಂತೆ ಒಂದು ಅಲೆ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ಅಷ್ಟು ದಿನಗಳಲ್ಲಿ ನಮ್ಮ ಮನೆಯ ಯಾರಿಗೂ ಒಂದು ಹುಳವೂ ಕಚ್ಚಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಆದರೂ ನಾನು ಅಮಾವಾಸ್ಯೆಯ ರಾತ್ರಿಗಾಗಿ ಕಾದೆ. ಬಿದಿರು ಗಳದ ತುದಿಗೆ ಹಳೆಯ ಗೋಣಿಚೀಲ ಸುತ್ತಿ, ಸೀಮೆಎಣ್ಣೆ ಸುರಿದು ಪಂಜು ಮಾಡಿಕೊಂಡೆ. ಕತ್ತಲಲ್ಲಿ ಜೇನಿಗೆ ಕಣ್ಣು ಕಾಣುವುದಿಲ್ಲ ಎಂಬ ಮಾತನ್ನು ನಂಬಿದ್ದರಿಂದ ಜಗಲಿಯ ಬಲ್ಬನ್ನೂ, ನಡುಮನೆಯ ಟ್ಯೂಬ್‌ಲೈಟನ್ನೂ, ಮಹಡಿಯ ಮೆಟ್ಟಿಲಿನ ದೀಪವನ್ನೂ ನೆನಪಿನಿಂದ ಆರಿಸಿದೆ. ಅಡುಗೆಮನೆಯ ದೀಪವನ್ನು ಆರಿಸಲಿಲ್ಲ. ಏಕೆಂದರೆ ಒಳಗೆ ಅಮ್ಮ ಮುದ್ದೆಗೆ ಹಿಟ್ಟು ಹಾಕಿದ್ದರು, ಅದನ್ನು ಅರ್ಧಕ್ಕೆ ಬಿಟ್ಟರೆ ಗಂಟಾಗುತ್ತದೆ. ಹಬೆ ಹೋಗಲೆಂದು ಕಿಟಕಿಯೂ ತೆರೆದಿತ್ತು. ಆ ಕಿಟಕಿಯು ಮನೆಯ ಹಿಂಬದಿಯಲ್ಲಿತ್ತು, ಎರಿ ಇದ್ದದ್ದು ಸರಿಯಾಗಿ ಅದರ ನೆತ್ತಿಯ ಮೇಲೆ. ಹೆಜ್ಜೇನು ಬೆಳದಿಂಗಳಲ್ಲಿ ಮೇವಿಗೂ ಹೋಗಬಲ್ಲದು. ರಾತ್ರಿ ಕೆಣಕಿದರೆ ಅದು ಸೀದಾ ದೀಪಕ್ಕೆ ನುಗ್ಗುತ್ತದೆ. ಸುತ್ತಲೂ ಕತ್ತಲು ಮಾಡಿ ಒಂದೇ ದೀಪ ಉಳಿಸಿದ ನಾನು ಅವುಗಳಿಗೆ ದಾರಿ ತೋರಿಸಿ ಅಮ್ಮನ ಬಳಿಗೆ ಕಳುಹಿಸಿದಂತಾಯಿತು. ಆ ಒಂದು ಸ್ವಿಚ್ಚು ಬಾಗಿಲ ಪಕ್ಕದಲ್ಲಿಯೇ ಇತ್ತು. ಪಂಜು ಹಚ್ಚಲು ಬೆಂಕಿಪೊಟ್ಟಣ ತೆಗೆದುಕೊಂಡು ಬರುವಾಗ ನನ್ನ ಭುಜ ಅದಕ್ಕೆ ತಾಗಿತ್ತು ಕೂಡ.

ಅಮ್ಮನ ಕೂಗು ಕೇಳಿ ಒಳಗೆ ಓಡಿದಾಗ ಹುಳಗಳು ಬಲ್ಬನ್ನು ಮುತ್ತಿದ್ದವು, ಅವರ ತುರುಬಿನಲ್ಲಿ ಸಿಕ್ಕಿಕೊಂಡು ಗುಂಯ್ಗುಡುತ್ತಿದ್ದವು. ದೀಪ ಆರಿಸಿದ ಮೇಲೆ ಉಳಿದವು ಎದುರು ಮನೆಯ ಟಿವಿಯ ಬೆಳಕಿಗೆ ಹೋದವು. ಅಮ್ಮನ ತಲೆ, ಕತ್ತು, ಕೈಗಳಿಂದ ನಾವು ತೆಗೆದ ಮುಳ್ಳುಗಳು ಮೂವತ್ತಕ್ಕೂ ಹೆಚ್ಚು. ಆಸ್ಪತ್ರೆಯಲ್ಲಿ ಮೂರು ದಿನ ಇರಿಸಿಕೊಂಡು ಮೂತ್ರದ ಬಣ್ಣವನ್ನು ಗಮನಿಸುತ್ತಿದ್ದರು. ವಿಷ ಹೆಚ್ಚಾದರೆ ಸ್ನಾಯುಗಳು ಕರಗಿ ಮೂತ್ರಪಿಂಡಕ್ಕೆ ಹೊಡೆತ ಬೀಳುತ್ತದೆ ಎಂದು ಅಲ್ಲಿಯೇ ತಿಳಿದದ್ದು. ಅಮ್ಮ ಚೇತರಿಸಿಕೊಂಡರು. ಮರುವರ್ಷ ಅದೇ ಜಾಗಕ್ಕೆ ಮತ್ತೆ ಹೆಜ್ಜೇನು ಬಂದು ಕೂತಿತು.

ಆದ್ದರಿಂದ ಯಾವ ಔಷಧಿ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎಂದು ನಾನು ಹೇಳುತ್ತೇನೆ. ಹೆಜ್ಜೇನು ವಲಸೆ ಹೋಗುವ ಹುಳ. ಸುತ್ತಲಿನ ಹೂವು ಮುಗಿದಾಗ ಎರಿಯನ್ನು ಬಿಟ್ಟು ತಾನಾಗಿಯೇ ಹೊರಡುತ್ತದೆ. ಮರುವರ್ಷ ಬಂದದ್ದನ್ನು ನಾವು ಮುಟ್ಟಲಿಲ್ಲ, ಮಳೆ ಹಿಡಿಯುವ ಹೊತ್ತಿಗೆ ಅದು ಇರಲಿಲ್ಲ. ಖಾಲಿ ಎರಿಯ ಮೇಣವನ್ನು ಕರಣೆಯಿಂದ ಕೆರೆದು ಸುಣ್ಣ ಬಳಿಯಬೇಕು, ಹಳೆಯ ಮೇಣದ ವಾಸನೆ ಹೊಸ ಹಿಂಡನ್ನು ಕರೆಯುತ್ತದೆ. ಔಷಧಿ ಹೊಡೆದರೆ ಜೇನುತುಪ್ಪ ವಿಷವಾಗುತ್ತದೆ, ಕೆಳಗೆ ಬಿದ್ದ ಹುಳದ ಮುಳ್ಳು ಬರಿಗಾಲಿನ ಮಕ್ಕಳಿಗೆ ಆಗಲೂ ಚುಚ್ಚುತ್ತದೆ.

ಅದು ಹೆಜ್ಜೇನೇ ಹೌದೇ ಎಂಬುದನ್ನು ಮಾತ್ರ ದೂರದಿಂದ ನೋಡಿಕೊಳ್ಳಿ. ಗೋಡೆಯ ಬಿರುಕಿನಲ್ಲೋ ಮೀಟರ್ ಪೆಟ್ಟಿಗೆಯಲ್ಲೋ ಸಾಲು ಸಾಲು ಎರಿಗಳಿದ್ದರೆ ಅದು ತುಡುವೆ ಎಂಬ ಸಾಕುವ ಜೇನು. ಅದನ್ನು ಪೆಟ್ಟಿಗೆಗೆ ಕೂರಿಸಿಕೊಂಡು ಹೋಗಲು ಜೇನು ಸಾಕುವವರು ಸಂತೋಷದಿಂದ ಬರುತ್ತಾರೆ, ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿದರೆ ಅಂಥವರ ಗುರುತು ಸಿಗುತ್ತದೆ. ಗಿಡದ ಕಡ್ಡಿಗೆ ಅಂಗೈಯಷ್ಟು ಎರಿ ಇದ್ದರೆ ಕೋಲುಜೇನು, ಅದರ ತಂಟೆಗೆ ಹೋಗಬೇಕಾದ್ದೇ ಇಲ್ಲ.

ಮನೆಯಲ್ಲಿ ಯಾರಿಗಾದರೂ ಹಿಂದೆ ಜೇನು ಕಚ್ಚಿ ಉಸಿರು ಕಟ್ಟಿದ್ದರೆ ನನ್ನ ಮಾತು ನಿಮಗೆ ಸಲ್ಲದು. ಅನುಭವವಿರುವವರನ್ನು ಕರೆಸಿ, ಅಕ್ಕಪಕ್ಕದವರಿಗೆಲ್ಲ ಮೊದಲೇ ತಿಳಿಸಿ ತೆಗೆಸಿ. ಉಳಿದಂತೆ ಮಕ್ಕಳು ಕಲ್ಲು ಬೀರದಂತೆ, ಕೆಳಗೆ ಯಾರೂ ಕಸ ಸುಡದಂತೆ, ಪಟಾಕಿ ಹಚ್ಚದಂತೆ ನೋಡಿಕೊಂಡರೆ ಸಾಕು. ಜೇನು ಎದ್ದರೆ ನಿಂತು ಹೊಡೆಯಬಾರದು: ಚುಚ್ಚಿದ ಮುಳ್ಳಿನಿಂದ ಬಾಳೆಹಣ್ಣಿನಂಥ ವಾಸನೆ ಹೊರಟು ಉಳಿದ ಹುಳಗಳನ್ನು ಅಲ್ಲಿಗೇ ಕರೆಯುತ್ತದೆ. ಮುಖ ಮುಚ್ಚಿಕೊಂಡು ಒಳಗೆ ಓಡಿ ಬಾಗಿಲು ಹಾಕಿ, ಮುಳ್ಳನ್ನು ತಕ್ಷಣ ಉಗುರಿನಿಂದ ಕೆರೆದು ತೆಗೆಯಿರಿ. ಅದರ ಚೀಲ ಕಿತ್ತು ಬಂದ ಮೇಲೂ ವಿಷವನ್ನು ಒಳಗೆ ಒತ್ತುತ್ತಲೇ ಇರುತ್ತದೆ. ಉಸಿರಾಟ ಕಷ್ಟವಾದರೆ, ತುಟಿ ಊದಿಕೊಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ನಮ್ಮ ಮನೆಗೆ ಈ ವರ್ಷವೂ ಬಂದಿದೆ. ಅಡುಗೆಮನೆಯ ಕಿಟಕಿಗೆ ಸೊಳ್ಳೆಪರದೆ ಹಾಕಿಸಿದ್ದೇನೆ, ಆದರೂ ದೀಪ ಹಚ್ಚುವ ಮೊದಲು ಅಮ್ಮ ತಾವೇ ಎದ್ದು ಹೋಗಿ ಅದರ ಬಾಗಿಲು ಹಾಕುತ್ತಾರೆ. ಇವತ್ತು ಸಂಜೆ ನೀವೂ ಅಂಗಳದಲ್ಲಿ ನಿಂತು, ನಿಮ್ಮ ಸಜ್ಜಾದ ಕೆಳಗೆ ಯಾವ ಕಿಟಕಿಯಿಂದ ಬೆಳಕು ಬೀಳುತ್ತಿದೆ ಎಂಬುದನ್ನು ನೋಡಿಕೊಳ್ಳಿ.