ಶನಿಗೊಂದು ಪುಟ

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: 'ಕಳೆದ ಸಂಚಿಕೆಯಲ್ಲಿ ಶನಿಯ ಫೀಬಿ ಎಂಬ ಚಂದ್ರನಿಗೆ ಇಡೀ ಪುಟ ಕೊಟ್ಟಿದ್ದೀರಿ. ಶನಿಗೆ ಈಗ 270ಕ್ಕೂ ಹೆಚ್ಚು ಚಂದ್ರರಂತೆ. ಕಂಡ ಕಂಡ ಕಲ್ಲನ್ನೆಲ್ಲ ಚಂದ್ರ ಅಂದರೆ ಕೊನೆಯೆಲ್ಲಿ? ಮುಂಬೈ ಕನ್ನಡಿಗರಿಗೆ ಇದರಿಂದ ಏನು ಪ್ರಯೋಜನ? ಆ ಜಾಗದಲ್ಲಿ ಸಂಘಗಳ ಸುದ್ದಿ ಹಾಕಿ.'

ರಾಯರೇ, ಲೆಕ್ಕದ ಮಾತು ಒಪ್ಪಿದೆ. 2025ರ ಮಾರ್ಚಿನಲ್ಲಿ ಒಂದೇ ಸಲಕ್ಕೆ 128 ಸೇರಿದವು, ಎಲ್ಲ ಕೆಲವೇ ಕಿಲೋಮೀಟರಿನವು. ಎಷ್ಟು ಚಿಕ್ಕದಾದರೆ ಚಂದ್ರ ಅಲ್ಲ ಎಂಬುದಕ್ಕೆ ಖಗೋಳದವರಲ್ಲೂ ನಿಯಮವಿಲ್ಲ. ಆದರೆ ಫೀಬಿಯನ್ನೂ ಆ ಗುಂಪಿಗೆ ತಳ್ಳಿಬಿಟ್ಟಿರಲ್ಲ!

ಅದರ ಅಡ್ಡಳತೆ ಸುಮಾರು 213 ಕಿ.ಮೀ. ಇಲ್ಲಿಂದ ಪುಣೆ ದಾಟಿ ಹೊರಟರೆ ಸಾತಾರಾ ಬರುವ ಮೊದಲೇ ಮುಗಿಯಿತು. ಶನಿಯಿಂದ ಸುಮಾರು 1.3 ಕೋಟಿ ಕಿ.ಮೀ. ದೂರ. ಒಂದು ಸುತ್ತಿಗೆ ಒಂದೂವರೆ ವರ್ಷ, ಅದೂ ಉಲ್ಟಾ. ಶನಿಯ ದೊಡ್ಡ ಚಂದ್ರರೆಲ್ಲ ಒಂದು ಕಡೆ ತಿರುಗಿದರೆ ಇದು ಇನ್ನೊಂದು ಕಡೆ. ಬೇರೆಲ್ಲೋ ಹುಟ್ಟಿ ಶನಿಯ ಕೈಗೆ ಸಿಕ್ಕಿಬಿದ್ದದ್ದು ಅಂತ ತಿಳಿದವರು ಹೇಳುವುದು ಅದಕ್ಕೇ. 1899ರಲ್ಲಿ ವಿಲಿಯಂ ಪಿಕರಿಂಗ್ ಇದನ್ನು ಹುಡುಕಿದ್ದು ಹಿಂದಿನ ವರ್ಷ ಪೆರುವಿನಲ್ಲಿ ತೆಗೆದ ಫೋಟೋಗಳಲ್ಲಿ. ಫೋಟೋದಿಂದ ಸಿಕ್ಕ ಮೊದಲ ಚಂದ್ರ ಇದೇ.

ಪ್ರಯೋಜನ ಕೇಳಿದಿರಿ. 1671ರಲ್ಲಿ ಕ್ಯಾಸಿನಿ ಎಂಬಾತ ಶನಿಯ ಇನ್ನೊಂದು ಚಂದ್ರ ಇಯಾಪೆಟಸ್‌ನನ್ನು ಕಂಡ. ಅದು ಶನಿಯ ಪಶ್ಚಿಮಕ್ಕಿದ್ದಾಗ ಕಾಣುತ್ತಿತ್ತು, ಪೂರ್ವಕ್ಕೆ ಬಂದರೆ ಮಾಯ. ಒಂದು ಮುಖ ಬಿಳಿ, ಇನ್ನೊಂದು ಕಪ್ಪು ಇರಬೇಕು ಅಂತ ಆತ ಸರಿಯಾಗಿಯೇ ಊಹಿಸಿದ. ಮಸಿ ಬಳಿದವರು ಯಾರು? ಮುನ್ನೂರು ವರ್ಷ ದಾಟಿದರೂ ಜಗಳ ಬಗೆಹರಿಯಲಿಲ್ಲ. 2009ರಲ್ಲಿ ಸ್ಪಿಟ್ಜರ್ ದೂರದರ್ಶಕಕ್ಕೆ ಫೀಬಿಯ ಹಾದಿಯಲ್ಲಿ ಭಾರೀ ದೂಳಿನ ಬಳೆ ಸಿಕ್ಕಿತು. ಕಣ್ಣಿಗೆ ಕಾಣದಷ್ಟು ತೆಳು, ಶಾಖದಿಂದ ಗೊತ್ತಾದದ್ದು. ಕಲ್ಲು ಬಡಿದು ಫೀಬಿಯಿಂದ ಎದ್ದ ದೂಳು ನಿಧಾನವಾಗಿ ಶನಿಯ ಕಡೆ ಸರಿಯುತ್ತದೆ. ಇಯಾಪೆಟಸ್ ಎದುರಿನಿಂದ ಬರುತ್ತದೆ. ದೂಳೆಲ್ಲ ಅದರ ಮುಂಭಾಗಕ್ಕೆ ರಾಚುತ್ತದೆ. ಕಪ್ಪಾದ ಜಾಗ ಜಾಸ್ತಿ ಕಾಯುತ್ತದೆ, ಅಲ್ಲಿನ ಹಿಮ ಹಾರಿಹೋಗುತ್ತದೆ, ಇನ್ನಷ್ಟು ಕಪ್ಪಾಗುತ್ತದೆ. ನಿಮ್ಮ ಕಲ್ಲು ಮಾಡಿದ ಕೆಲಸ ಇದು!

ನಮಗೋ, ಶನಿ ಅಂದರೆ ಸಾಡೇಸಾತಿ, ಶನಿವಾರದ ಎಣ್ಣೆ, ಶಿಂಗಣಾಪುರದ ಬಸ್ಸು. ನಮ್ಮ ರಾಶಿಭವಿಷ್ಯದ ಪುಟ ದಂಡ ಅಂತ ಇವತ್ತಿನವರೆಗೆ ಒಬ್ಬರೂ ಬರೆದಿಲ್ಲ. ಸಂಘದ ಸುದ್ದಿಯನ್ನೂ ನಿಲ್ಲಿಸಿಲ್ಲ. ಶಾಲು, ಹಾರ, ವೇದಿಕೆ ಮೇಲಿದ್ದವರ ಹೆಸರು, ವೇದಿಕೆ ಹತ್ತದೆ ಮುನಿಸಿಕೊಂಡವರ ಹೆಸರು, ಎಲ್ಲ ಹಾಕುತ್ತೇವೆ. ಆದರೆ ಪರಿಚಯದ ಮೇಷ್ಟ್ರೊಬ್ಬರು ಮಕ್ಕಳಿಗೆ ಶನಿಯ ಬಳೆ ತೋರಿಸಲು ಟೆಲಿಸ್ಕೋಪ್ ಹೊತ್ತು ತಂದಾಗ ಏನಾಯಿತು ಗೊತ್ತೇ? ಸೊಸೈಟಿಯ ಸೆಕ್ರೆಟರಿ ಟೆರೇಸಿನ ಬೀಗದ ಕೈ ಕೊಡಲಿಲ್ಲ. 'ನೀರಿನ ಟ್ಯಾಂಕ್ ಇದೆ, ನಾಳೆ ಏನಾದರೂ ಆದರೆ?' ಅದೇ ಟೆರೇಸಿನಲ್ಲಿ ಡಿಸೆಂಬರ್ 31ರ ರಾತ್ರಿ ಡಿಜೆ ಇತ್ತು, ಸುಮ್ನೆ ಹೇಳಿದೆ. ಮಕ್ಕಳು ಮೆಟ್ಟಿಲ ಮೇಲೆ ಕೂತಿದ್ದು ಮನೆಗೆ ಹೋದರು. ವರಳಿಯಲ್ಲಿ 1977ರಿಂದ ನೆಹರು ತಾರಾಲಯವಿದೆ. ನಮ್ಮ ಎಷ್ಟು ಸಂಘಗಳು ಬಸ್ಸು ಮಾಡಿಕೊಂಡು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿವೆ? ಅಂಥ ಸುದ್ದಿ ಇದ್ದರೆ ಕಳಿಸಿ ರಾಯರೇ, ಮುಖಪುಟದಲ್ಲೇ ಹಾಕೋಣ.

ಮುಂದಿನ ಸಂಚಿಕೆಯಿಂದ ರಾಶಿಭವಿಷ್ಯ ಅರ್ಧ ಪುಟ ಮಾತ್ರ. ಉಳಿದರ್ಧ ಇಯಾಪೆಟಸ್‌ಗೆ. ಬೈದು ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇವೆ.

-ಸಂ.